ಹುಡುಗಿಯರಿಗೂ ಬಾಗಿಲು ತೆರೆದ ಶಾಲೆ

ಪ್ರಶ್ನೆ: ಇಂಗ್ಲೆಂಡಿನ ಹಳೆಯ ಬೋರ್ಡಿಂಗ್ ಶಾಲೆಗಳೆಲ್ಲ ಹುಡುಗರಿಗಷ್ಟೇ ಮೀಸಲಾಗಿದ್ದವೇ?

ಉತ್ತರ: ಬಹುಪಾಲು ಹೌದು. ಈಟನ್ ಈಗಲೂ ಹಾಗೇ ಇದೆ. ಆದರೆ ಜಾನ್ ಹೇಡನ್ ಬ್ಯಾಡ್ಲಿ 1893ರಲ್ಲಿ ಸಸೆಕ್ಸ್‌ನಲ್ಲಿ ಶುರುಮಾಡಿದ ಬೀಡೇಲ್ಸ್ 1898ರಲ್ಲೇ ಹುಡುಗಿಯರನ್ನು ಸೇರಿಸಿಕೊಂಡಿತು. ಇದರ ಹಿಂದೆ ಅವರ ಪತ್ನಿ, ಮಹಿಳಾ ಮತದಾನದ ಪರವಾಗಿದ್ದ ಏಮಿ ಗ್ಯಾರೆಟ್ ಅವರ ಒತ್ತಾಸೆಯಿತ್ತು. 1900ರಲ್ಲಿ ಶಾಲೆ ಹ್ಯಾಂಪ್‌ಶೈರ್‌ನ ಸ್ಟೀಪ್ ಹಳ್ಳಿಗೆ ಬಂತು. ಪಾಠದಷ್ಟೇ ಮರಗೆಲಸ, ತೋಟದ ಕೆಲಸಕ್ಕೂ ಅಲ್ಲಿ ಬೆಲೆ. ಯೂನಿಫಾರಂ ಇಲ್ಲ. ಮೇಷ್ಟ್ರನ್ನು ಹೆಸರು ಹಿಡಿದೇ ಕರೆಯುತ್ತಾರೆ (ನಮ್ಮ ಕಿವಿಗೆ ಕೊಂಚ ಕಸಿವಿಸಿಯೇ!). ಮೊದಲ ಮಹಾಯುದ್ಧದಲ್ಲಿ ಮಡಿದ ಹಳೆಯ ವಿದ್ಯಾರ್ಥಿಗಳ ನೆನಪಿಗೆ ಕಟ್ಟಿದ ಗ್ರಂಥಾಲಯದಲ್ಲಿ ತೊಲೆ, ಕಂಬ ಎಲ್ಲವೂ ಓಕ್ ಮರದ್ದು. ವಿನ್ಯಾಸ ಅರ್ನೆಸ್ಟ್ ಗಿಮ್ಸನ್ ಅವರದು. ಇಷ್ಟೆಲ್ಲ ಉದಾರಿಯಾದ ಶಾಲೆಯ ಫೀಸು ಮಾತ್ರ ಸಾಮಾನ್ಯರ ಕೈಗೆಟುಕುವಂಥದ್ದಲ್ಲ.