ಹಾವಿಗೊಂದು ಬಾಂದುಕಲ್ಲು

‘ಹೊಸ ಹಾವು ಪತ್ತೆ’ ಎಂಬ ಸುದ್ದಿ ಬಂದಾಗಲೆಲ್ಲ ಓದುಗರು ತಪ್ಪದೆ ಕೇಳುವ ಪ್ರಶ್ನೆ ಒಂದಿದೆ: ಇಷ್ಟು ದಿನ ಅದು ಎಲ್ಲಿತ್ತು? ಆ ಕಾಡಿನ ಜನ ಅದನ್ನು ನೋಡಿರಲೇ ಇಲ್ಲವೆ? ನ್ಯಾಯವಾದ ಪ್ರಶ್ನೆ. ಹಾವು ಅಲ್ಲೇ ಇತ್ತು, ಅಲ್ಲಿಯವರು ಕಂಡೂ ಇದ್ದಿರಬಹುದು. ವಿಜ್ಞಾನದ ಖಾತೆಯಲ್ಲಿ ಅದರ ಹೆಸರಿಗೆ ಒಂದು ಪುಟ ಇರಲಿಲ್ಲ, ಅಷ್ಟೆ. ಆ ಪುಟ ತೆರೆಯುವುದು ಎಷ್ಟು ಕಷ್ಟದ ಕೆಲಸ ಎಂಬುದು ಸುದ್ದಿಯಲ್ಲಿ ಬರುವುದೇ ಇಲ್ಲ.

ಅರುಣಾಚಲ ಪ್ರದೇಶದ ಪಶ್ಚಿಮ ಕಾಮೆಂಗ್ ಜಿಲ್ಲೆಯಲ್ಲಿ ರಾಮ್ಡಾ ಎಂಬ ಊರಿದೆ. ಅಲ್ಲಿನ ಬೆಟ್ಟದ ಕಾಡಿನಲ್ಲಿ ಸಿಕ್ಕಿದ್ದು ಒಂದೇ ಒಂದು ಗಂಡು ಹಾವು. ಕೆಂಪು ಬೆರೆತ ಕಂದು ಮೈ, ಚೂಪಾಗಿ ಮೇಲಕ್ಕೆ ಬಾಗಿದ ಮೂತಿ, ಕಣ್ಣಿಗೂ ಮೂಗಿನ ಹೊಳ್ಳೆಗೂ ನಡುವೆ ಬಿಸಿರಕ್ತದ ಬೇಟೆಯ ಶಾಖವನ್ನು ಗ್ರಹಿಸುವ ಗುಳಿ. ಗುಳಿಮಂಡಲವೇನೋ ಹೌದು, ಆದರೆ ಯಾವ ಗುಳಿಮಂಡಲ? ಅಶೋಕ್ ಕ್ಯಾಪ್ಟನ್, ವಿ. ದೀಪಕ್, ರೋಹನ್ ಪಂಡಿತ್, ಭರತ್ ಭಟ್ ಮತ್ತು ರಮಣ ಆತ್ರೇಯ 2019ರಲ್ಲಿ ಉತ್ತರ ಕೊಟ್ಟರು: ಇದು ಈವರೆಗೆ ಹೆಸರಿಲ್ಲದ ಪ್ರಭೇದ, ಟ್ರೈಮೆರೆಸುರಸ್ ಅರುಣಾಚಲೆನ್ಸಿಸ್.

ಬಣ್ಣ ನೋಡಿ ಇಂಥ ತೀರ್ಮಾನಕ್ಕೆ ಬರುವಂತಿಲ್ಲ. ನಮ್ಮ ಆಗುಂಬೆಯ ಮಳೆಕಾಡಿನ ಮಲಬಾರ್ ಗುಳಿಮಂಡಲವನ್ನೇ ನೋಡಿ. ಒಂದು ಹಸಿರು, ಒಂದು ಹಳದಿ, ಇನ್ನೊಂದು ಒಣಗಿದ ಎಲೆಯ ಕಂದು. ಮೂರೂ ಒಂದೇ ಪ್ರಭೇದ. ಸಾಲದ್ದಕ್ಕೆ ಸತ್ತ ಹಾವನ್ನು ಮದ್ಯಸಾರದಲ್ಲಿಟ್ಟರೆ ಚರ್ಮದ ಹಳದಿ ಕರಗಿಹೋಗಿ ಹಸಿರು ಹಾವು ನೀಲಿಯಾಗುತ್ತದೆ. ಆದ್ದರಿಂದ ಹಾವಿನ ಪಂಡಿತರು ಹುರುಪೆಗಳನ್ನು ಎಣಿಸುತ್ತಾರೆ. ಬೆನ್ನಿನ ಸುತ್ತ ಎಷ್ಟು ಸಾಲು, ಹೊಟ್ಟೆಯಡಿ ಎಷ್ಟು, ಬಾಲದಡಿ ಎಷ್ಟು, ತುಟಿಯಂಚಿನಲ್ಲಿ ಎಷ್ಟು. ಗಂಡಿನ ಜನನಾಂಗದ ಮೇಲಿನ ಮುಳ್ಳುಗಳ ಜೋಡಣೆಯನ್ನೂ ನೋಡುತ್ತಾರೆ. ಅದಾದ ಮೇಲೆ ಡಿಎನ್‌ಎ. ರಾಮ್ಡಾದ ಹಾವಿನ ಡಿಎನ್‌ಎ ಹೇಳಿದ ಮಾತು ಬೆರಗಿನದು: ಅದರ ಅತಿ ಹತ್ತಿರದ ನಂಟ ಟಿಬೆಟಿನ ಗುಳಿಮಂಡಲ. ರೂಪದಲ್ಲಿ ಮಾತ್ರ ಎರಡಕ್ಕೂ ಹೋಲಿಕೆ ತೀರಾ ಕಡಿಮೆ.

ಇಷ್ಟೆಲ್ಲ ಅಳೆದದ್ದನ್ನು ಯಾವುದಕ್ಕೆ ಹೋಲಿಸುವುದು? ಹೊಲದ ಗಡಿಜಗಳ ಕಂಡವರಿಗೆ ಇದು ಸುಲಭವಾಗಿ ಅರ್ಥವಾದೀತು. ಬೇಲಿ ಸರಿಯುತ್ತದೆ, ಬದು ಕರಗುತ್ತದೆ, ಪಕ್ಕದವನು ಒಂದು ಸಾಲು ಒತ್ತಿ ಉಳುತ್ತಾನೆ. ಭೂಮಾಪಕ ಬಂದಾಗ ಹುಡುಕುವುದು ಬಾಂದುಕಲ್ಲನ್ನು. ಅಳತೆ ಅಲ್ಲಿಂದಲೇ ಶುರು. ಪ್ರಭೇದಕ್ಕೆ ಹೆಸರಿಡುವಾಗಲೂ ಹೀಗೊಂದು ಕಲ್ಲು ನೆಡುತ್ತಾರೆ. ಆಯ್ದ ಒಂದು ಹಾವನ್ನು ಮಾದರಿಯೆಂದು ಸಾರಿ, ಸಂಗ್ರಹಾಲಯದಲ್ಲಿ ಇಡುತ್ತಾರೆ. ಹೆಸರು ಶಾಶ್ವತವಾಗಿ ಆ ಒಂದು ದೇಹಕ್ಕೆ ಅಂಟಿಕೊಂಡಿರುತ್ತದೆ. ಪ್ರಭೇದದ ಎಲ್ಲೆ ಎಲ್ಲಿಯವರೆಗೆ ಎಂಬ ಬಗ್ಗೆ ಮುಂದಿನವರು ಎಷ್ಟು ಬೇಕಾದರೂ ತಕರಾರು ತೆಗೆಯಬಹುದು, ಕಲ್ಲು ಅಲುಗುವುದಿಲ್ಲ.

1864ರಲ್ಲಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನ ಆಲ್ಬರ್ಟ್ ಗುಂಥರ್ ಇಂಥ ಎರಡು ಕಲ್ಲು ನೆಟ್ಟರು: ಒಂದು ಹಿಮಾಲಯದ ಗುಳಿಮಂಡಲಕ್ಕೆ, ಇನ್ನೊಂದು ಬೆಟ್ಟದ ಗುಳಿಮಂಡಲಕ್ಕೆ. ಆಮೇಲೆ ಬಂದವರು ದೂರದೂರದ ಬೆಟ್ಟಗಳ ಹಾವುಗಳನ್ನೆಲ್ಲ ಆ ಎರಡೇ ಹೆಸರುಗಳ ಖಾತೆಗೆ ಸೇರಿಸುತ್ತ ಹೋದರು. ಈಗ ನಡೆಯುತ್ತಿರುವುದು ಪೋಡಿ, ಅಂದರೆ ಒಂದೇ ಖಾತೆಯಲ್ಲಿದ್ದದ್ದನ್ನು ಅಳೆದು ಪಾಲು ಮಾಡುವ ಕೆಲಸ. ಹಿಮಾಚಲ ಪ್ರದೇಶದ ಚಂಬಾದ ಹಾವು 2022ರಲ್ಲಿ ಗ್ಲಾಯ್ಡಿಯಸ್ ಚಂಬೆನ್ಸಿಸ್ ಆಗಿ ಬೇರೆಯಾಯಿತು. ಬೆಟ್ಟದ ಗುಳಿಮಂಡಲದ ಕುಲಕ್ಕೆ 2024ರಲ್ಲಿ ಚೀನಾದ ಯುನ್ನಾನ್‌ನಿಂದ ಓವೊಫಿಸ್ ಜೆಂಕಿನ್ಸೈ ಬಂದು ಸೇರಿತು. ಪೋಡಿಯಾದಾಗ ಹಳೆಯ ಹೆಸರು ಯಾರಿಗೆ? ಗುಂಥರ್ ನೆಟ್ಟ ಕಲ್ಲು ಯಾರ ಪಾಲಿನಲ್ಲಿದೆಯೋ ಅವರಿಗೆ.

ಕಲ್ಲು ನೆಡಲು ಜೀವ ತೆಗೆಯಲೇಬೇಕೆ? ಅರುಣಾಚಲದ ಹಾವಿನ ತಂಡದಲ್ಲಿದ್ದ ರಮಣ ಆತ್ರೇಯ ಖಗೋಳ ವಿಜ್ಞಾನಿ. ಇದೇ ಜಿಲ್ಲೆಯ ಈಗಲ್‌ನೆಸ್ಟ್ ಕಾಡಿನಲ್ಲಿ ಕಂಡ ಬುಗುನ್ ಲಿಯೊಸಿಕ್ಲಾ ಹಕ್ಕಿಯನ್ನು 2006ರಲ್ಲಿ ಜಗತ್ತಿಗೆ ಪರಿಚಯಿಸಿದವರೂ ಅವರೇ. ಆ ಹಕ್ಕಿಗಳು ಕೆಲವೇ ಇದ್ದುದರಿಂದ ಅವರು ಒಂದನ್ನೂ ಕೊಲ್ಲಲಿಲ್ಲ. ಬಲೆಗೆ ಬಿದ್ದಾಗ ಉದುರಿದ ಗರಿ ಮತ್ತು ಚಿತ್ರಗಳನ್ನೇ ಆಧಾರವಾಗಿಟ್ಟು, ಹಕ್ಕಿಯನ್ನು ಹಾರಲು ಬಿಟ್ಟರು. ಅದು ದೊಡ್ಡ ಮನಸ್ಸಿನ ವಿಜ್ಞಾನ. ಆದರೂ ಹಾವಿನ ವಿಷಯದಲ್ಲಿ ಒಂದು ದೇಹವನ್ನು ಉಳಿಸಿಕೊಂಡದ್ದು ಸರಿಯೆಂದೇ ನನ್ನ ಅಭಿಪ್ರಾಯ. ಹುರುಪೆ, ಹಲ್ಲು, ಜನನಾಂಗಗಳನ್ನು ಮುಂದೆ ಬರುವವರು ಮತ್ತೆ ಮತ್ತೆ ತೆಗೆದು ನೋಡಬೇಕಾಗುತ್ತದೆ.

2020ರಲ್ಲಿ ಅರುಣಾಚಲದ ಪಕ್ಕೆ ಹುಲಿ ಸಂರಕ್ಷಿತ ಪ್ರದೇಶದ ಹಸಿರು ಗುಳಿಮಂಡಲವೊಂದಕ್ಕೆ ಟ್ರೈಮೆರೆಸುರಸ್ ಸಲಜಾರ್ ಎಂದು ಹೆಸರಿಟ್ಟಾಗ ಅದು ಹ್ಯಾರಿ ಪಾಟರ್ ಕತೆಯ ಪಾತ್ರವೊಂದರ ಹೆಸರು ಹೊತ್ತ ಹಾವೆಂದೇ ಎಲ್ಲೆಡೆ ಸುದ್ದಿಯಾಯಿತು. ಹೆಸರಿನ ಗದ್ದಲದಲ್ಲಿ ಕೆಲಸ ಮರೆಗೆ ಸರಿಯಿತು. ನನಗೆ ಬೇಸರವಾಗುವುದು ಇಲ್ಲೇ, ಯಾಕೆಂದರೆ ಹಾವಿನ ಸರಿಯಾದ ಗುರುತು ಜೀವ ಉಳಿಸುವ ವಿಷಯ. ಗೂನುಮೂಗಿನ ಗುಳಿಮಂಡಲವನ್ನು ಆಸ್ಪತ್ರೆಗಳಲ್ಲಿ ಗರಗಸಮಂಡಲವೆಂದು ತಪ್ಪು ತಿಳಿದ ಉದಾಹರಣೆಗಳಿವೆ. ಅದರ ಕಡಿತವೂ ಪ್ರಾಣಾಂತಿಕವಾಗಬಲ್ಲದು ಎಂದು ಕೇರಳದಲ್ಲಿ ಕೆಲಸ ಮಾಡಿದ ವೈದ್ಯರು ಖಚಿತ ಗುರುತಿನೊಂದಿಗೆ ದಾಖಲಿಸಿದ್ದು 2007ರಲ್ಲಿ. ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಸಿಗುವ ಪ್ರತಿವಿಷ ತಯಾರಾಗುವುದು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷದಿಂದ. ಆ ನಾಲ್ಕರಲ್ಲಿ ಗುಳಿಮಂಡಲ ಒಂದೂ ಇಲ್ಲ.

ಕಾಫಿ ತೋಟದಲ್ಲೋ ಚಾರಣದ ದಾರಿಯಲ್ಲೋ ತ್ರಿಕೋನ ತಲೆಯ, ಅಲುಗದೆ ಕುಳಿತ ಹಾವೊಂದು ಕಂಡರೆ ದೊಣ್ಣೆ ಎತ್ತಬೇಡಿ, ಮುಟ್ಟಲೂ ಹೋಗಬೇಡಿ. ದೂರದಿಂದಲೇ ಒಂದು ಫೋಟೊ ತೆಗೆದು, ಊರು, ದಿನಾಂಕ ಬರೆದಿಟ್ಟುಕೊಳ್ಳಿ.