ನಿಮಗಿದು ಗೊತ್ತೆ? ಮುಂಬಯಿ ಮಳೆಗಾಲದಲ್ಲಿ ಬೆವರುವ ಸಕ್ಕರೆ ಗೊಂಬೆ

● ಕೇಕ್ ಮೇಲೆ ಕೂರುವ ಪುಟ್ಟ ಆನೆ, ಮದುಮಕ್ಕಳ ಗೊಂಬೆಗಳು ಹೆಚ್ಚಾಗಿ ಫಾಂಡೆಂಟ್‌ನವು. ಐಸಿಂಗ್ ಸಕ್ಕರೆಗೆ ಗ್ಲೂಕೋಸ್ ಸಿರಪ್, ಗ್ಲಿಸರಿನ್, ಜೆಲಟಿನ್ ಸೇರಿಸಿ ನಾದಿದ ಕಣಕವಿದು.

● ಜೆಲಟಿನ್ ಪ್ರಾಣಿಜನ್ಯ. ಸಸ್ಯಾಹಾರಿ ಫಾಂಡೆಂಟ್‌ಗೆ ಅಗರ್ ಅಥವಾ ಸಸ್ಯದ ಅಂಟು ಬಳಸುತ್ತಾರೆ. ಕೊಳ್ಳುವಾಗ ಪೊಟ್ಟಣದ ಮೇಲಿನ ಹಸಿರು ಚುಕ್ಕಿ ನೋಡಿ.

● ಸಕ್ಕರೆ ಗಾಳಿಯ ತೇವ ಹೀರುತ್ತದೆ. ಜುಲೈನಲ್ಲಿ ಮುಂಬಯಿಯ ಆರ್ದ್ರತೆ ಸರಾಸರಿ ಶೇ 80 ದಾಟುತ್ತದೆ. ಆಗ ಗೊಂಬೆಯ ಮೈ ಅಂಟಂಟಾಗಿ, ಕೈಕಾಲು ಜೋಲುತ್ತವೆ.

● ಇದಕ್ಕೆ ಮದ್ದು ಸಿಎಂಸಿ ಪುಡಿ. ಸಸ್ಯಗಳ ಸೆಲ್ಯುಲೋಸ್‌ನಿಂದ ತಯಾರಾಗುವ ಇದನ್ನು 250 ಗ್ರಾಂ ಫಾಂಡೆಂಟ್‌ಗೆ ಸುಮಾರು ಒಂದು ಟೀ ಚಮಚ ಬೆರೆಸಿದರೆ ಗೊಂಬೆ ಗಟ್ಟಿಯಾಗಿ ನಿಲ್ಲುತ್ತದೆ.

● ಮೈ ನುಣ್ಣಗಾಗಲು ಮೊದಲು ಗೆರೆಯಿಲ್ಲದ ಉಂಡೆ ಕಟ್ಟಬೇಕು: ಅಂಗೈಗಳ ನಡುವೆ ಬಿಗಿಯಾಗಿ ಉರುಳಿಸಿ, ಮೆಲ್ಲನೆ ಒತ್ತಡ ಸಡಿಲಿಸಿ. ಬೆರಳಿಗೆ ತುಸುವೇ ವನಸ್ಪತಿ ಸವರಿ. ಅಂಟದಿರಲೆಂದು ಉದುರಿಸುವ ಕಾರ್ನ್‌ಫ್ಲೋರ್ ಹೆಚ್ಚಾದರೆ ಬಿರುಕು ಬಿಡುತ್ತದೆ.

● ಗೊಂಬೆಯನ್ನು ಫ್ರಿಜ್‌ನಲ್ಲಿಡಬೇಡಿ. ಹೊರತೆಗೆದ ಕೂಡಲೇ ಅದರ ಮೇಲೆ ನೀರಹನಿ ಕಟ್ಟುತ್ತದೆ. ರಟ್ಟಿನ ಡಬ್ಬಿಯಲ್ಲಿಟ್ಟು, ಎ.ಸಿ. ಕೋಣೆಯಲ್ಲಿ ಒಣಗಿಸುವುದೇ ಸರಿ.

● ಅಚ್ಚು, ಬಣ್ಣ, ಉಪಕರಣ ಬೇಕೆ? 1869ರಲ್ಲಿ ಕಟ್ಟಿದ ಕ್ರಾಫರ್ಡ್ ಮಾರ್ಕೆಟ್ ಮತ್ತು ಸುತ್ತಲಿನ ಅಂಗಡಿಗಳಲ್ಲಿ ಸಿಗುತ್ತವೆ.