ಮೊರದಿಂದ ಆಸ್ಪತ್ರೆಗೆ ಬಂದ ಮಾತು

ರಟ್ಟೀಹಳ್ಳಿ ಸೀಮೆಯಲ್ಲಿ ಮೊರ ಹಿಡಿದು ಕೂತ ಅಜ್ಜಿಯನ್ನು ಮಾತಾಡಿಸಿದರೆ ‘ಕಾಳು ಹಸನು ಮಾಡಾಕತ್ತೀನಿ’ ಅನ್ನುತ್ತಾಳೆ. ಹರಳು ಹೊರಗೆ, ಹುಳುಕು ಕೋಳಿಗೆ, ಗಟ್ಟಿಕಾಳು ಡಬ್ಬಿಗೆ. ಇದೇ ಹಾವೇರಿ ಜಿಲ್ಲೆಯ ಬ್ಯಾಡಗಿಯಲ್ಲಿ ಮೆಣಸಿನಕಾಯಿ ರಾಶಿಯ ಮುಂದೆ ಕೂತ ಹೆಣ್ಣುಮಕ್ಕಳು ಬಣ್ಣಗೆಟ್ಟ ಕಾಯಿ ಆರಿಸುವುದೂ ಇದೇ ಕೆಲಸ. ಫ್ರೆಂಚರಲ್ಲಿ ಹೀಗೆ ಆರಿಸುವುದಕ್ಕೆ ‘ತ್ರಿಯೇ’ ಎಂಬ ಕ್ರಿಯಾಪದವಿದೆ. ಅದರಿಂದ ಹುಟ್ಟಿದ್ದೇ ‘ತ್ರಿಯಾಜ್’. ಯಾರಿಗೆ ಮೊದಲು ಚಿಕಿತ್ಸೆ ಎಂದು ರೋಗಿಗಳನ್ನು ವಿಂಗಡಿಸುವ ನಮ್ಮ ಆಸ್ಪತ್ರೆಗಳ ‘ಟ್ರಯಾಜ್’ ಅದೇ.

18ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂದಾಗ ಈ ಪದಕ್ಕೆ ರೋಗಿಯ ಸೋಂಕೇ ಇರಲಿಲ್ಲ. ಉಣ್ಣೆಯನ್ನು ದರ್ಜೆವಾರು ವಿಂಗಡಿಸುವುದಕ್ಕೆ ಆ ಹೆಸರಿತ್ತು. ಮುಂದೆ ಕಾಫಿ ವ್ಯಾಪಾರದಲ್ಲಿ, ಒಳ್ಳೆಯದನ್ನು ಆರಿಸಿಕೊಂಡ ಮೇಲೆ ಉಳಿಯುವ ಒಡಕು ಬೀಜಕ್ಕೇ ‘ಟ್ರಯಾಜ್’ ಎಂದರು.

ಈ ಪದ ವೈದ್ಯರ ಬಾಯಿಗೆ ಬರುವ ಮೊದಲೇ ಅದರ ನೀತಿ ರಣರಂಗದಲ್ಲಿ ಹುಟ್ಟಿತ್ತು. ನೆಪೋಲಿಯನ್ನನ ಸೇನೆಯ ಶಸ್ತ್ರವೈದ್ಯ ಡೊಮಿನಿಕ್ ಜಾನ್ ಲಾರೆ, ಹುದ್ದೆ ನೋಡದೆ ಗಾಯದ ತೀವ್ರತೆ ನೋಡಿ ಮೊದಲು ಯಾರನ್ನು ಮುಟ್ಟಬೇಕೆಂದು ತೀರ್ಮಾನಿಸಿದ. 1914–18ರ ಮಹಾಯುದ್ಧದಲ್ಲಿ ಫ್ರೆಂಚ್ ಸೇನಾ ವೈದ್ಯರು ಈ ವಿಂಗಡಣೆಯನ್ನು ‘ತ್ರಿಯಾಜ್’ ಎಂದೇ ಕರೆದರು. ಕನ್ನಡ ಪತ್ರಿಕೆಗಳಲ್ಲಿ ಈ ಪದ ಹೆಚ್ಚು ಬಳಕೆಯಾದದ್ದು 2021ರಲ್ಲಿ, ಕೋವಿಡ್ ಎರಡನೇ ಅಲೆಯಲ್ಲಿ. ಬೆಂಗಳೂರಿನಲ್ಲಿ ಬಿಬಿಎಂಪಿ ಟ್ರಯಾಜ್ ಕೇಂದ್ರಗಳನ್ನು ತೆರೆದಾಗ. ಯಾರು ಮನೆಯಲ್ಲೇ ಇರಬಹುದು, ಯಾರಿಗೆ ಆರೈಕೆ ಕೇಂದ್ರ ಸಾಕು, ಯಾರಿಗೆ ಆಸ್ಪತ್ರೆಯ ಹಾಸಿಗೆಯೇ ಬೇಕು ಎಂಬುದು ಅಲ್ಲಿ ನಿರ್ಧಾರವಾಗುತ್ತಿತ್ತು.

ಮೊರ ಮತ್ತು ಆಸ್ಪತ್ರೆಯ ನಡುವೆ ಒಂದು ವ್ಯತ್ಯಾಸವಿದೆ. ಅಜ್ಜಿ ಕೆಟ್ಟದ್ದನ್ನು ಆರಿಸುವುದು ಎಸೆಯಲಿಕ್ಕೆ. ವೈದ್ಯರು ಸ್ಥಿತಿ ಹೆಚ್ಚು ಕೆಟ್ಟವರನ್ನು ಆರಿಸುವುದು ಉಳಿಸಲಿಕ್ಕೆ. ಹಲವರು ಒಟ್ಟಿಗೆ ಗಾಯಗೊಂಡಾಗ ಅವರಿಗೆ ಬಣ್ಣದ ಪಟ್ಟಿ ಕಟ್ಟುತ್ತಾರೆ: ಕೆಂಪು ಪಟ್ಟಿಯವರಿಗೆ ತಕ್ಷಣ ಚಿಕಿತ್ಸೆ, ಹಳದಿಯವರು ಕೊಂಚ ತಾಳಬಹುದು, ಹಸಿರಿನವರು ಕಾಯಬಹುದು. ಕಪ್ಪು ಪಟ್ಟಿ ಮಾತ್ರ ಸತ್ತವರಿಗೆ, ಇಲ್ಲವೇ ಇದ್ದಷ್ಟು ಸೌಕರ್ಯದಲ್ಲಿ ಉಳಿಸಲಾಗದವರಿಗೆ. ಪದದ ಹಳೆಯ ನಿಷ್ಠುರ ಅರ್ಥ ಅಲ್ಲಿ ಇನ್ನೂ ಉಳಿದಿದೆ.

ನಮ್ಮ ಜನಕ್ಕೆ ಪಾಳಿ ಎಂದರೆ ನ್ಯಾಯ: ಮೊದಲು ಬಂದವರಿಗೆ ಮೊದಲು. ತುರ್ತು ಚಿಕಿತ್ಸಾ ಘಟಕದಲ್ಲಿ ಆ ಲೆಕ್ಕ ನಡೆಯದು. ನಿಮ್ಮ ನಂತರ ಬಂದವರನ್ನು ಮೊದಲು ಒಳಗೆ ಕರೆದರೆ ಜಗಳಕ್ಕೆ ನಿಲ್ಲುವ ಮುನ್ನ ಕಾರಣ ಕೇಳಿ. ಕೂತಿದ್ದಾಗ ಎದೆನೋವೋ ಉಸಿರಾಟದ ತೊಂದರೆಯೋ ಹೆಚ್ಚಿದರೆ ಮಾತ್ರ ಸುಮ್ಮನಿರಬೇಡಿ, ಕೂಡಲೇ ನರ್ಸಿಗೆ ತಿಳಿಸಿ. ಮೊರದ ಕಾಳನ್ನು ಒಮ್ಮೆ ಆರಿಸಿದರೆ ಆಯಿತು; ರೋಗಿಯನ್ನು ಮತ್ತೆ ಮತ್ತೆ ನೋಡಬೇಕಾಗುತ್ತದೆ.